ಕಥೆಯಲ್ಲಿಲ್ಲದ ತಾಯಿ

"ನಾನು ಸುಳ್ಳೇನೂ ಹೇಳಲಿಲ್ಲ. ಅದೇ ನೋಡಿ ನನ್ನ ಸಂಕಟ. ಸುಳ್ಳು ಹೇಳಿದ್ರೆ ಕ್ಷಮೆ ಕೇಳಬಹುದಿತ್ತು, ಕಾಲು ಹಿಡ್ಕೋಬಹುದಿತ್ತು. ನಿಜ ಹೇಳಿದ್ದಕ್ಕೆ ಏನಂತ ಕ್ಷಮೆ ಕೇಳಲಿ? ಮೇಷ್ಟ್ರು ಮೊದಲನೇ ಪಾಠದಲ್ಲೇ ಹೇಳ್ಕೊಟ್ಟಿದ್ರು, ಬೈಬಲಿನ ಯಾವ ಭಾಗ ಓದಿದ್ರೂ ಅದರಲ್ಲಿ ಏನಿದೆ, ಏನಿಲ್ಲ ಅಂತ ಬೇರೆ ಮಾಡ್ಕೊಳ್ಳಿ, ನಿಮ್ಮ ತಲೇಲಿರೋದನ್ನ ಗ್ರಂಥದ ಬಾಯಿಗೆ ತುರುಕಬೇಡಿ ಅಂತ. ನಂಗದು ಬಲು ಹಿಡಿಸಿಬಿಡ್ತು. ಹೊಲಿಗೇಲೂ ಹಾಗೇ ಅಲ್ವಾ? ಹಳೇ ಬಟ್ಟೆ ಬಿಚ್ಚುವಾಗ ಮೊದಲಿನ ಹೊಲಿಗೆ ಯಾವುದು, ಆಮೇಲೆ ಹಾಕಿದ್ದು ಯಾವುದು ಅಂತ ಕಣ್ಣಿಗೆ ಕಾಣುತ್ತೆ. ಆದ್ರೆ ಆಮೇಲಿನದ್ದನ್ನ ಯಾರು ಹಾಕಿದ್ರು, ಯಾತಕ್ಕೆ ಹಾಕಿದ್ರು ಅಂತ ಕೇಳದೆ ಕತ್ತರಿ ಆಡಿಸಬಾರದು. ಆಡಿಸಿಬಿಟ್ಟೆ. ಅದೂ ಅಷ್ಟು ಜನರ ಮುಂದೆ."

ಹೊಲಿಗೆಯಕ್ಕ ಹೀಗೆ ಹೇಳುವಾಗ ಅವಳ ಕಾಲು ಮಿಷನ್ನಿನ ಪೆಡಲಿನ ಮೇಲೆ ಸುಮ್ಮನೆ ಇರುತ್ತದೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ತೆರೆದ ಕಿಟಕಿ, ಕಿಟಕಿಗೆ ಒತ್ತಿಕೊಂಡು ಮಿಷನ್ನು, ಮಿಷನ್ನಿನ ತಲೆಗೆ ಒರಗಿಸಿಟ್ಟ ಮೊಬೈಲು. ಜಿಪ್ಪು ಹಾಕುವುದು, ಪ್ಯಾಂಟಿನ ಉದ್ದ ತಗ್ಗಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸಿಕೊಡುವುದು, ಇಂಥವೇ ಕೆಲಸ. ಮದುವೆಗೆಂದು ಕಾಲೇಜು ಅರ್ಧಕ್ಕೆ ಬಿಟ್ಟ ಕೊರಗು ಅವಳಲ್ಲಿ ಆರಿರಲಿಲ್ಲ.

ಅದನ್ನು ಕಂಡವರು ಅವಳ ಮಾವ. ಊರಿಗೆಲ್ಲ ಅವರು ಲಿಫ್ಟ್ ತಾತ. ದೊಡ್ಡ ಕಚೇರಿಯೊಂದರಲ್ಲಿ ತಲೆ ನರೆಯುವವರೆಗೆ ಲಿಫ್ಟ್ ನಡೆಸಿದವರು. ಕೆಳಗಿನಿಂದ ಮೇಲಿನ ಅಂತಸ್ತಿಗೆ ಹೋಗುವಷ್ಟರಲ್ಲಿ ಒಂದು ಬೈಬಲ್ ಕಥೆ ಹೇಳಿ ಮುಗಿಸುವುದು ಅವರಿಗೆ ರೂಢಿ. ಬಾಗಿಲು ತೆರೆಯುವುದಕ್ಕೂ ಕಥೆ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಕೆಲಸ ಬಿಟ್ಟ ಮೇಲೆ ಭಾನುವಾರದ ಆರಾಧನೆ ಮುಗಿದೊಡನೆ ಪ್ರಾರ್ಥನಾ ಮಂದಿರದ ಬೆಂಚಿನಲ್ಲಿ ಅವರ ಕಥೆ. ಚಪ್ಪಲಿ ಮೆಟ್ಟಿದವರೂ ಬಿಟ್ಟು ಬಂದು ಕೂರುತ್ತಿದ್ದರು.

ಆನ್‌ಲೈನಿನಲ್ಲಿ ದೈವಶಾಸ್ತ್ರದ ಪದವಿ ಮಾಡಬಹುದೆಂದು ಯಾರೋ ಹೇಳಿದಾಗ ಸೊಸೆಗಿಂತ ಮೊದಲು ಕುಣಿದವರು ಅವರೇ.

"ಸೇರ್ಕೋ ಮಗಳೇ. ನಂಗೆ ಅಕ್ಷರ ದೂರ. ನೀನು ಓದು, ನಾನು ಕದ್ದು ಕೇಳ್ತೀನಿ."

ಕದಿಯುವುದೇನು, ಹಗಲು ದರೋಡೆಯೇ ನಡೆಯಿತು. ಅವಳು ಗುಂಡಿ ಹಚ್ಚುವ ಹೊತ್ತಿಗೆ ಅವರು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರುವರು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ಅವರ ಕಿವಿಗೆ. ಅವಳು ಕತ್ತರಿಗೆಂದು ಬಾಗಿದರೆ ಅವರೂ ಬಾಗಬೇಕು. ದಾರಿಹೋಕರು ಕಿಟಕಿಯಲ್ಲಿ ಇಣುಕಿ, "ಏನ್ ತಾತ, ಸೊಸೆ ಮೂಗುದಾರ ಹಾಕ್ಬಿಟ್ಲಾ?" ಎಂದು ನಗುತ್ತಿದ್ದರು. "ಕಿವಿಗೆ ಹಾಕಿದ್ದಾಳೆ ಕಣಯ್ಯ, ಮೂಗಿನ್ನೂ ನನ್ನದೇ" ಎನ್ನುತ್ತಿದ್ದರು ತಾತ.

ಮೇಷ್ಟರು ಕಲಿಸಿದ 'ಇದೆ, ಇಲ್ಲ' ಸೊಸೆಯ ನಾಲಿಗೆಗೆ ಹತ್ತಿಬಿಟ್ಟಿತು. ಏದೆನಿನ ತೋಟದಲ್ಲಿ ಹಣ್ಣು ಇದೆ, ಸೇಬು ಅಂತ ಇಲ್ಲ. ಯೋನನನ್ನು ನುಂಗಿದ್ದು ದೊಡ್ಡ ಮೀನು, ತಿಮಿಂಗಿಲ ಅಂತ ಇಲ್ಲ. ಊಟಕ್ಕೆ ಕೂತರೂ ಇದೇ ಮಾತು. ಪಂಪು ರಿಪೇರಿ ಮಾಡುವ ಗಂಡ ನಗುತ್ತಿದ್ದ: "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಸಾರಲ್ಲಿ ಉಪ್ಪು ಇದೆಯಾ ಇಲ್ವಾ, ಅದನ್ನ ನೋಡು ಮೊದಲು."

ಆ ವಾರದ ಪಾಠ ತಪ್ಪಿಹೋದ ಮಗನ ಸಾಮತಿ, ಬೈಬಲಿನ ದೃಷ್ಟಾಂತ ಕಥೆ. ತನ್ನ ಪಾಲು ಹಿಸ್ಸೆ ಮಾಡಿಸಿಕೊಂಡು ಹೋಗಿ, ದುಂದು ಮಾಡಿ, ಹಂದಿ ಮೇಯಿಸಿ, ಕೊನೆಗೆ ಮನೆಗೆ ಮರಳುವ ಮಗ; ಅವನನ್ನು ದೂರದಿಂದಲೇ ಕಂಡು ಓಡಿಬರುವ ತಂದೆ. ಭಾನುವಾರ ಲಿಫ್ಟ್ ತಾತ ಎತ್ತಿಕೊಂಡದ್ದೂ ಅದನ್ನೇ. ಅವರ ಕಥೆಯಲ್ಲಿ ಒಬ್ಬಳು ತಾಯಿಯೂ ಇದ್ದಳು. ದಿನಾ ಎಲ್ಲರ ಊಟವಾದ ಮೇಲೆ ಮಗನ ತಟ್ಟೆಯನ್ನು ತೊಳೆದು ಒಲೆಯ ಪಕ್ಕ ಬೋರಲು ಹಾಕಿಡುವಳು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ.

"ಮಗ ಬಂದ ಅಂತ ಅಪ್ಪ ಬೀದಿಗೆ ಓಡಿದ. ತಾಯಿ ಓಡಲಿಲ್ಲಪ್ಪ. ಒಲೆ ಹತ್ರ ಹೋಗಿ ಬೋರಲು ತಟ್ಟೆನ..."

"ಮಾವ, ಆ ಕಥೇಲಿ ತಾಯಿನೇ ಇಲ್ಲ," ಎಂದಳು ಸೊಸೆ.

ಬೇಕೆಂದು ಆಡಿದ ಮಾತಲ್ಲ. ಬಾಯಿಯ ತುದಿಯಲ್ಲಿತ್ತು, ಜಾರಿತು. ಅದು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಆರಾಧನೆ ನಡೆಸಿದ ಸಭಾಪಾಲಕರು, "ಹೌದು, ಸರಿಯಾಗಿ ಹೇಳಿದ್ರಿ. ಗ್ರಂಥದಲ್ಲಿ ತಂದೆ, ಇಬ್ಬರು ಮಕ್ಕಳು, ಅಷ್ಟೇ" ಎಂದು ತಲೆದೂಗಿದರು. ಹಿಂದಿನಿಂದ ಯಾರೋ, "ತಾತ, ಸೊಸೆ ಪರೀಕ್ಷೆ ಇಟ್ಲು, ನೀವು ಫೇಲು!" ಎಂದರು. ಎಲ್ಲರೂ ನಕ್ಕರು. ತಾತನೂ ನಕ್ಕರು. ಆದರೆ ಕಥೆ ಮುಗಿಸಲಿಲ್ಲ. "ಹೊತ್ತಾಯ್ತು, ಹೊರಡಿ" ಎಂದು ಎದ್ದುಬಿಟ್ಟರು. ಲಿಫ್ಟು ಎರಡು ಅಂತಸ್ತಿನ ನಡುವೆ ನಿಂತುಹೋದ ಹಾಗೆ.

ಮನೆಗೆ ಬಂದ ಮೇಲೆ ಗಂಡ ಅವಳ ಮುಖ ನೋಡದೆ ಹೇಳಿದ: "ಆ ತಾಯಿ ನಮ್ಮಪ್ಪನ ತಾಯಿ ಕಣೇ. ಹುಡುಗನಾಗಿದ್ದಾಗ ಜಗಳ ಆಡ್ಕೊಂಡು ಮನೆ ಬಿಟ್ಟು ಹೋಗಿದ್ರಂತೆ. ವಾಪಸ್ ಬರೋ ಹೊತ್ತಿಗೆ ಅಜ್ಜಿ ಮಣ್ಣಾಗಿದ್ಲು. ತಟ್ಟೆ ಮಾತ್ರ ಹಾಗೇ ಬೋರಲು ಇತ್ತಂತೆ."

"ಮುಂಚೇನೇ ಯಾಕೆ ಹೇಳ್ಲಿಲ್ಲ ನೀವು?"

"ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಮುಂದಿನ ಭಾನುವಾರ ತಾತ ಎಲ್ಲರಿಗಿಂತ ಮುಂಚೆ ಚಪ್ಪಲಿ ಮೆಟ್ಟಿದರು. ಕರೆದವರಿಗೆ, "ಓದಿದವರು ಮನೇಲೇ ಇದ್ದಾರಲ್ಲ, ಅವಳನ್ನ ಕೇಳಿ" ಎಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಹೆಮ್ಮೆಯೇ ಇತ್ತು. ಅದೇ ಅವಳನ್ನು ಹೆಚ್ಚು ಸುಟ್ಟಿತು. ಪಾಠದ ಹೊತ್ತಿಗೆ ಸ್ಟೂಲು ಬರಲಿಲ್ಲ. "ಕಿವಿ ಯಾಕೋ ನೋವು ಕಣಮ್ಮ" ಎಂದರು. ಇಯರ್‌ಫೋನಿನ ಒಂದು ತುದಿ ಅವಳ ಎದೆಯ ಮೇಲೆ ಜೋತಾಡುತ್ತಿದ್ದಂತೆಯೇ ಅವಳು ಪ್ರವಾದಿಗಳನ್ನು ಓದಿದಳು, ಅಪೊಸ್ತಲರು ಬರೆದ ಪತ್ರಗಳನ್ನು ಓದಿದಳು, ಒಳ್ಳೆಯ ಅಂಕಗಳನ್ನೂ ತೆಗೆದಳು. ಅಂಕ ಬಂದ ದಿನ ತಾತ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಕಥೆ ಮಾತ್ರ ಹೇಳಲಿಲ್ಲ.

ಕೊನೆಯ ವರ್ಷ ಜನರ ಮುಂದೆ ಒಂದು ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಿ ಅದರ ವಿಡಿಯೋ ಕಳಿಸಬೇಕಿತ್ತು. ಅವಳು ತಪ್ಪಿಹೋದ ಮಗನನ್ನೇ ಆರಿಸಿಕೊಂಡಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ ಮಾವನ ಬಳಿಗೆ ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತಳು.

"ಮಾವ, ನನ್ ಪ್ರಸಂಗದಲ್ಲಿ ಆ ಕಥೆನ ನೀವು ಹೇಳ್ಬೇಕು. ನಿಮ್ಮ ಬಾಯಲ್ಲೇ ಆಗಬೇಕು."

"ನಾನಾ? ನಿನ್ನ ಅಂಕ ನೀರಲ್ಲಿ ಹೋಗುತ್ತಷ್ಟೇ."

"ಹೋದ್ರೆ ಹೋಗ್ಲಿ. ಹೇಳಿ."

ಅವರು ಗಂಟಲು ಸರಿಮಾಡಿಕೊಂಡು ಹೇಳಿದರು. ಮಗ ಪಾಲು ಕೇಳಿದ. ಹೋದ. ಹಾಳುಮಾಡಿದ. ಹಸಿದು ಮರಳಿದ. ತಂದೆ ಓಡಿಬಂದು ತಬ್ಬಿಕೊಂಡ. ದೊಡ್ಡ ಮಗ ಕೋಪಿಸಿಕೊಂಡ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅವಳ ಮೇಷ್ಟರು ಕೂಡ ಅಷ್ಟು ಕರಾರುವಾಕ್ಕಾಗಿ ಹೇಳಲಾರರು.

"ಈಗ ಸರಿ ಇದೆಯಾ, ಮಗಳೇ?"

"ಮಾವ, ಅಮ್ಮನ್ನ ಬಿಟ್ಟುಬಿಟ್ರಲ್ಲ. ಅವರು ಇರಲಿ. ನಂಗೆ ಬೇಕು."

ತಾತ ತಮ್ಮ ಅಂಗೈ ನೋಡಿಕೊಂಡರು. "ಇಲ್ಲ ಕಣಮ್ಮ. ಪುಸ್ತಕದಲ್ಲಿ ಇಲ್ಲ ಅಂದ್ರೆ ಇಲ್ಲ. ನಾನೇ ಬಲವಂತಕ್ಕೆ ಕರ್ಕೊಂಡು ಹೋಗಿ ಕೂರಿಸಿದ್ದೆ. ಮೊದಲೆಲ್ಲ ಕಥೆ ಶುರು ಮಾಡಿದ್ರೆ ತಾನಾಗೇ ಬರ್ತಿದ್ಲು. ಈಗ ಕರೆದ್ರೂ ಬರಲ್ಲ. ಏನ್ ಮಾಡ್ಲಿ?"

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ತಾತ ಆಕಾಶ ನೋಡಿ, ಮೊಣಕಾಲಿಗೆ ಕೈಕೊಟ್ಟು ಎದ್ದರು.

"ಮೋಡ ಕಟ್ತಾ ಇದೆ. ಬಟ್ಟೆ ತೆಗೆದುಬಿಡೋಣ ಏಳು."

ಅವರು ಹಗ್ಗದ ಆ ತುದಿಯಿಂದ ಕ್ಲಿಪ್ಪು ಬಿಡಿಸುತ್ತ ಬಂದರು, ಅವಳು ಈ ತುದಿಯಿಂದ. ದೊಡ್ಡ ದುಪ್ಪಟಿ ನಡುವೆ ಉಳಿಯಿತು. ಅದರ ಎರಡು ಮೂಲೆ ಅವರು ಹಿಡಿದರು, ಎರಡು ಮೂಲೆ ಅವಳು. ಕೊಡವಿ, ಮಡಿಸಿದರು.