ಅಧ್ಯಕ್ಷರ ಬೇಸ್‌ಮೆಂಟ್ ಖಾಲಿಯಾದ ಭಾನುವಾರ

ನಮ್ಮ ಅಳಿಯಂದಿರ ಅಧ್ಯಕ್ಷಗಿರಿ ನಿನ್ನೆ ಮಧ್ಯಾಹ್ನ ಹೋಯಿತು, ನನ್ನ ಮೊಮ್ಮಗಳಿಗೆ ಅವಳದ್ದೇ ಒಂದು ರೂಮು ಸಿಕ್ಕಿತು. ಎರಡೂ ಒಂದೇ ಸಮಾಚಾರ, ಬೇರೆ ಬೇರೆ ಅಂದುಕೋಬೇಡಿ. ಅಮೆರಿಕದ ಈ ಗೈದರ್ಸ್‌ಬರ್ಗಿಗೆ ಬಂದ ಮೇಲೆ ನನಗೆ ಇಷ್ಟು ಸಂತೋಷ ಆಗಿರಲಿಲ್ಲ. ಬೆಳಿಗ್ಗೆಯಿಂದ ಕಾಫಿ ಲೋಟ ಎಲ್ಲಿಟ್ಟೆ ಅಂತ ಮೂರು ಸಲ ಹುಡುಕಿದ್ದೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ನೀವೇ ಸರಿಮಾಡ್ಕೊಂಡು ಓದಿ.

ಅಳಿಯ ಸೋತರೆ ಕುಣಿಯೋ ಅತ್ತೆ ಎಂಥವಳು ಅಂತ ಅನ್ನಿಸಬಹುದು. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಇಲ್ಲಿನ ಕನ್ನಡ ಸಂಘಕ್ಕೆ ಆಫೀಸು ಅಂತ ಏನೂ ಇಲ್ಲ. ಯಾರು ಅಧ್ಯಕ್ಷರೋ ಅವರ ಮನೆ ಬೇಸ್‌ಮೆಂಟೇ ಸಂಘದ ಉಗ್ರಾಣ. ಮೊದಲಿಂದ ಬಂದ ಪದ್ಧತಿ. ನಮ್ಮದು ಟೌನ್‌ಹೌಸು, ಮೇಲೆ ಎರಡೇ ರೂಮು. ಒಂದರಲ್ಲಿ ಮಗಳು, ಅಳಿಯಂದಿರು. ಇನ್ನೊಂದರಲ್ಲಿ ನಾನು, ಮೊಮ್ಮಗಳು. ಕೆಳಗಿನ ಬೇಸ್‌ಮೆಂಟಿನಲ್ಲಿ ಕಿಟಕಿ ಇದೆ, ಬಚ್ಚಲು ಇದೆ, ಚೆನ್ನಾದ ಕಾರ್ಪೆಟ್ ಇದೆ. ಆದರೆ ಐದು ವರ್ಷದಿಂದ ಅಲ್ಲಿ ವಾಸವಾಗಿದ್ದದ್ದು ಸ್ಟೀಲ್ ತಟ್ಟೆಗಳು, ನಾಟಕದ ಸಿಂಹಾಸನ, ಗಣೇಶನ ಥರ್ಮೋಕೋಲ್ ಮಂಟಪ, ಆಳೆತ್ತರದ ಎರಡು ಸ್ಪೀಕರು, ಒಂದು ಹಾರ್ಮೋನಿಯಂ, ಆಮೇಲೆ ಯಾರೂ ವಾಪಸ್ ಕೇಳದ ವಿಡಿಯೋ ಕ್ಯಾಸೆಟ್ಟುಗಳು. ಬಟ್ಟೆ ಒಗೆಯೋ ಮೆಷಿನ್ ಹತ್ತಿರ ಹೋಗಬೇಕಾದರೆ ಸಿಂಹಾಸನ ದಾಟಿಕೊಂಡೇ ಹೋಗಬೇಕು.

ಮೊಮ್ಮಗಳಿಗೆ ಹದಿನಾಲ್ಕು. ನಾನು ಐದು ಗಂಟೆಗೆ ಎದ್ದು ಬಾಯಲ್ಲಿ ದೇವರ ನಾಮ ಗುನುಗೋಳು. ಅವಳು ದಿಂಬು ತಲೆ ಮೇಲೆ ಹೇರಿಕೊಂಡು, "ಅಜ್ಜಿ, ಪ್ಲೀಸ್. ಗಾಡ್ ಕೂಡ ಮಲಗಿದಾನೆ" ಅನ್ನೋಳು. ಬೇಸ್‌ಮೆಂಟ್ ನಿನಗೇ ಅಂತ ಅವಳಿಗೆ ಒಂಬತ್ತನೇ ವಯಸ್ಸಿನಲ್ಲಿ ಮಾತು ಕೊಟ್ಟಿದ್ದರು. ಪ್ರತಿ ಸಲವೂ "ಈ ಟರ್ಮ್ ಮುಗೀಲಿ ಪುಟ್ಟಿ." ಇನ್ನೂ ಒಂದು ಟರ್ಮ್ ಅಂದರೆ ಅವಳಿಗೆ ಹದಿನಾರಾಗುತ್ತೆ. ಆಮೇಲೆ ಕಾಲೇಜು ಅಂತ ಹೊರಟೇಹೋಗ್ತಾಳೆ. ತನ್ನದು ಅಂತ ಒಂದು ಬಾಗಿಲು ಹಾಕಿಕೊಳ್ಳದೇ ಬಾಲ್ಯ ಮುಗಿದುಹೋಗುತ್ತಲ್ಲ ಅಂತ ನನ್ನ ಚಿಂತೆ.

ಸಂಘದ ಬೈಲಾ, ಅಂದರೆ ನಿಯಮದ ಪುಸ್ತಕದಲ್ಲಿ, ಒಬ್ಬರಿಗೆ ಎರಡೇ ಟರ್ಮು, ಒಂದೊಂದು ಎರಡು ವರ್ಷದ್ದು. ನಮ್ಮ ಅಳಿಯಂದಿರದ್ದು ಎರಡೂವರೆ ಆಗಿತ್ತು. ಹಿಂದಿನ ಅಧ್ಯಕ್ಷರು ಕೆಲಸ ಸಿಕ್ಕಿತು ಅಂತ ಮಧ್ಯದಲ್ಲೇ ಅಟ್ಲಾಂಟಾ ಕಡೆ ಅಲ್ಫರೆಟಾಕ್ಕೆ ಹೊರಟುಹೋದರು. ಉಳಿದ ಒಂದು ವರ್ಷ ಇವರು ನಡೆಸಿದರು. "ಅದು ಅವರ ಟರ್ಮು, ನಂದಲ್ಲ" ಅಂತ ಹೇಳಿ ಆಮೇಲೆ ಎರಡು ಸಲ ಗೆದ್ದರು. ಈಗ ಹೊಸ ವಾದ. ಎರಡನೇ ಟರ್ಮಿನಲ್ಲಿ ಹಿಮ ಬಿದ್ದು ಸಂಕ್ರಾಂತಿ ನಡೀಲಿಲ್ಲ, ಯುಗಾದಿಗೆ ಹಾಲ್ ಸಿಗಲಿಲ್ಲ, ಆದ್ದರಿಂದ ಅದೂ ಪೂರ್ತಿ ಟರ್ಮ್ ಅಲ್ಲವಂತೆ.

"ರೀ, ವೈಟ್ ಹೌಸಿನಲ್ಲಿರೋರೇ ಎರಡು ಸಲ ಆದರೆ ಗಂಟುಮೂಟೆ ಕಟ್ತಾರೆ" ಅಂದಳು ಮಗಳು.

"ಅವರಿಗೆ ಪುಳಿಯೋಗರೆ ಮುನ್ನೂರು ಜನಕ್ಕೆ ಆರ್ಡರ್ ಮಾಡೋ ತಲೆನೋವಿಲ್ಲ ಬಿಡೆ."

ಮನುಷ್ಯ ಕೆಟ್ಟವರಲ್ಲ. ಹೊಸದಾಗಿ ಬಂದವರನ್ನ ಏರ್‌ಪೋರ್ಟಿನಿಂದ ಕರ್ಕೊಂಡು ಬರೋದು, ಬಾಡಿಗೆ ಮನೆ ಹುಡುಕಿಕೊಡೋದು, ಎಲ್ಲಾ ಇವರೇ. ಆ ಕುರ್ಚಿ ಬಿಟ್ಟರೆ ತನ್ನನ್ನ ಯಾರೂ ಫೋನ್ ಮಾಡಿ ಕೇಳಲ್ಲ ಅನ್ನೋ ಭಯ ಇತ್ತು ಅಷ್ಟೆ.

ಎದುರು ನಿಂತವರು ಹುಬ್ಬಳ್ಳಿ ಕಡೆಯ ಡಾಕ್ಟರಮ್ಮ. ಮೂರು ವಾರದ ಹಿಂದೆ ಅಳಿಯಂದಿರ ಹತ್ತಿರ ಮಾತಾಡಬೇಕು ಅಂತ ಮನೆಗೆ ಬಂದರು. ಇವರು ಯಾರನ್ನೋ ಕರೆತರೋದಕ್ಕೆ ಏರ್‌ಪೋರ್ಟಿಗೆ ಹೋಗಿದ್ದರು. ನಾನು ಕಾಫಿ ಕೊಟ್ಟು ಕೂರಿಸಿದೆ.

"ನೋಡ್ರಿ ಅಮ್ಮಾರ, ಎಲ್ಲಾರೂ ನನ್ನ ಮಾತು ಖರೆ ಅಂತಾರ. ಕೈ ಎತ್ತ್ರಿ ಅಂದರ ಒಬ್ಬರೂ ಎತ್ತೂದಿಲ್ಲ. ಯಾಕಿರಬೇಕು?"

ನಾನು ಬೇಸ್‌ಮೆಂಟಿಗೆ ಕರ್ಕೊಂಡು ಹೋಗಿ ದೀಪ ಹಾಕಿದೆ. "ಇದಕ್ಕೆ ಹೆದರ್ತಾರೆ ಕಣಮ್ಮ. ಇವರನ್ನ ಇಳಿಸಿದರೆ ಈ ಸಿಂಹಾಸನ ತಮ್ಮ ಗರಾಜಿಗೆ ಬಂದು ಕೂತುಬಿಡುತ್ತೆ ಅಂತ. ನೀನು ಬೈಲಾ ಓದೋದು ಬಿಡು. ಸಾಮಾನು ನಾನು ಒಯ್ತೀನಿ ಅನ್ನು, ನೋಡು."

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನಿಮ್ಮ ಅಳಿಯಗ ಗೊತ್ತದ ಏನ್ರಿ, ನೀವು ಹಿಂಗ ಅಂತ?" ಅಂದರು.

"ಗೊತ್ತಿದ್ದರೆ ನನ್ನನ್ನೇ ಸೆಕ್ರೆಟರಿ ಮಾಡೋರು."

ನಿನ್ನೆ ಸ್ಕೂಲಿನ ಕೆಫೆಟೇರಿಯಾದಲ್ಲಿ ಜನರಲ್ ಬಾಡಿ. ಪ್ರೊಜೆಕ್ಟರಿನಲ್ಲಿ ಬೈಲಾ ಹಾಳೆ ಗೋಡೆ ಮೇಲೆ ಬಿಟ್ಟಿದ್ದರು. ಮೂರನೇ ಸಲ ನಿಲ್ಲಬಹುದೋ ಇಲ್ಲವೋ ಅಂತ ಒಂದು ಗಂಟೆ ಕಿತ್ತಾಟ. ಅಳಿಯಂದಿರು ಎದ್ದು ಹಿಮದ ಕಥೆ, ಹಾಲ್ ಸಿಗದ ಕಥೆ ಎಲ್ಲಾ ಹೇಳಿ ಕೊನೆಗೆ, "ಅರ್ಧಂಬರ್ಧ ಆಗಿದ್ದನ್ನ ಟರ್ಮು ಅಂತ ಹೇಗೆ ಲೆಕ್ಕ ಹಿಡೀತೀರಿ?" ಅಂದರು.

ಡಾಕ್ಟರಮ್ಮ ನಿಂತಲ್ಲಿಂದಲೇ, "ಸರ್ರ, ಅರ್ಧಾ ಉಂಡು ಎದ್ದರ ಎಲಿ ಎಂಜಲಾ ಆಗೂದಿಲ್ಲೇನ್ರಿ?" ಅಂದರು. ಇಡೀ ಹಾಲ್ ನಕ್ಕಿತು, ಅಳಿಯಂದಿರೂ ನಕ್ಕುಬಿಟ್ಟರು. ಆದರೂ ಬಿಡಲಿಲ್ಲ. "ಸರಿ ಡಾಕ್ಟ್ರೇ. ಸಂಘದ ಸಾಮಾನು ಎಲ್ಲಿಡ್ತೀರಿ?"

ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು.

"ನಮ್ಮ ಬೇಸ್‌ಮೆಂಟ್ ಖಾಲಿ ಬಿದ್ದದ. ಇವತ್ತ ಸಂಜಿಕ್ಕ ಒಯ್ತೇನಿ. ವ್ಯಾನ್ ಹೊರಗ ನಿಂತದ."

ಅಷ್ಟೇ ನೋಡಿ. ಎರಡು ಟರ್ಮೇ ಸಾಕು ಅನ್ನೋರು ಕೈ ಎತ್ತಿ ಅಂದಾಗ, ಕೈಗಳು ಒಂದೊಂದಾಗಿ ಅಲ್ಲ, ಪೊದೆ ಎದ್ದ ಹಾಗೆ ಎದ್ದವು. ಮೊಮ್ಮಗಳೂ ಎತ್ತಿದಳು. "ಚಿಕ್ಕವರಿಗೆ ಇಲ್ಲ ಪುಟ್ಟಿ" ಅಂತ ಯಾರೋ ಇಳಿಸಿದರು. ಅವಳು ನನ್ನ ಮುಖ ನೋಡಿದಳು. ನಾನು ಎತ್ತಿದೆ. ನನ್ನ ಪಕ್ಕದಲ್ಲಿ ಮಗಳ ಕೈ ಆಗಲೇ ಮೇಲಿತ್ತು, ನನ್ನದಕ್ಕಿಂತ ಒಂದು ಗೇಣು ಮೇಲೆ. ಅಳಿಯಂದಿರು ವೇದಿಕೆಯಿಂದ ಎಣಿಸುತ್ತಾ ಬಂದವರು ನಮ್ಮ ಸಾಲಿಗೆ ಬಂದಾಗ ನಿಲ್ಲಿಸಿ, ಮೈಕ್ ಕೆಳಗಿಟ್ಟು, "ಎಣಿಸೋದು ಬೇಡ ಬಿಡಿ, ಗೊತ್ತಾಯ್ತು" ಅಂದರು. ಬೇರೆ ಯಾರೂ ನಿಲ್ಲದೆ ಹೊಸ ಅಧ್ಯಕ್ಷರಾದ ಡಾಕ್ಟರಮ್ಮನಿಗೆ ಶಾಲು ಹೊದಿಸಿದ್ದೂ ಅವರೇ.

ಸಾಯಂಕಾಲ ನಾಲ್ಕಕ್ಕೆ ವ್ಯಾನ್ ಬಂತು, ಹಿಂದೆ ಆರು ಕಾರು. ಸಿಂಹಾಸನ ಬಾಗಿಲಲ್ಲಿ ಸಿಕ್ಕಿಕೊಂಡಿತು. "ನೋಡಿ, ಅದೂ ಬಿಡ್ತಿಲ್ಲ" ಅಂದರು ಯಾರೋ. ಅಳಿಯಂದಿರೇ ಅದರ ಕಾಲು ಬಿಚ್ಚಿ ಕೊಟ್ಟರು. ಕೊನೆಯ ಕಾರು ಹೋದ ಮೇಲೆ ರಸ್ತೆಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ನಾನು ಕಿಟಕಿಯಿಂದ ನೋಡ್ತಾ ಇದ್ದೆ, ಆಗ ಒಂದು ಚೂರು ಪಾಪ ಅನ್ನಿಸಿದ್ದು ಸುಳ್ಳಲ್ಲ. ಒಳಗೆ ಬಂದವರು ಮೊಮ್ಮಗಳ ಕೈಗೆ ಅಳತೆ ಟೇಪು ಕೊಟ್ಟು, "ಹಾಸಿಗೆ ಎಲ್ಲಿ ಬೇಕು ಹೇಳು, ಇಳಿಸ್ತೀನಿ" ಅಂದರು. ಅವಳು ಐದು ವರ್ಷದಿಂದ ಯೋಚಿಸಿ ಇಟ್ಟಿದ್ದಳು, ತಡಮಾಡದೆ ಕಿಟಕಿ ಕೆಳಗೆ ತೋರಿಸಿದಳು.

ರಾತ್ರಿ ಊಟ ಅಲ್ಲೇ ಆಗಬೇಕು ಅಂತ ಅವಳ ಹಟ. ಕಾರ್ಪೆಟ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ ನಾಲ್ಕೂ ಜನ ಕೂತೆವು. ಹುರುಳಿಕಾಯಿ ಹುಳಿ, ಹಪ್ಪಳ, ಶಾವಿಗೆ ಪಾಯಸ ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟು ಅಳಿಯಂದಿರು ಕೇಳಿದರು.

"ಅತ್ತೆ, ನೀವೂ ಕೈ ಎತ್ತಿದಿರಿ."

"ಎತ್ತಿದೆ ಕಣಪ್ಪ."

"ನಿಮ್ಮ ಮಗಳೂ."

"ಅವಳದ್ದು ಮೊದಲೇ ಎದ್ದಿತ್ತು, ನಾನು ಆಮೇಲೆ."

ಮಗಳು ಪಾಯಸದ ಪಾತ್ರೆ ಹಿಂದೆ ಮುಖ ಮುಚ್ಚಿಕೊಂಡು ನಗೋಕೆ ಶುರುಮಾಡಿದಳು. ಅಷ್ಟರಲ್ಲಿ ಮೇಲೆ ಫೋನ್ ರಿಂಗಾಯಿತು. ಅಳಿಯಂದಿರು ಅಭ್ಯಾಸಬಲದಿಂದ ಅರ್ಧ ಎದ್ದರು. "ಡ್ಯಾಡಿ, ಸಿಟ್" ಅಂದಳು ಮೊಮ್ಮಗಳು, "ಇದು ನನ್ನ ರೂಮು." ಅವರು ಕೂತರು. ಮೇಲಿನ ಫೋನಿನ ಆನ್ಸರಿಂಗ್ ಮೆಷಿನ್ನಿನಲ್ಲಿ ಡಾಕ್ಟರಮ್ಮನ ದನಿ ಕೇಳಿಸಿತು. ಸ್ಪೀಕರ್ ವೈರ್ ಯಾವ ಡಬ್ಬದಲ್ಲಿದೆ, ನೀವಿಲ್ಲದಿದ್ದರೆ ನಮಗೇನೂ ತಿಳಿಯಲ್ಲ, ಊಟ ಆದ ಮೇಲೆ ಫೋನ್ ಮಾಡಿ ಅಂತ.

ಅಳಿಯಂದಿರ ಮುಖ ಅರಳಿದ್ದು ನಾವು ಮೂವರೂ ನೋಡಿದೆವು. "ಊಟ ಆದ ಮೇಲೆ ಅಂದಿದ್ದಾರೆ" ಅಂತ ತಟ್ಟೆ ಮುಂದೆ ತಳ್ಳಿದರು. ನಾನು ಇನ್ನೊಂದು ಸೌಟು ಹುಳಿ ಬಡಿಸಿದೆ, ಮಗಳು ಹಪ್ಪಳ ಮುರಿದು ಎಲ್ಲರಿಗೂ ಹಂಚಿದಳು.