ಕೇರಾಫ್ ಚಪ್ಪಲಿ ಅಂಗಡಿ

ನಮ್ಮ ಮನೆಯ ಮುಂಬಾಗಿಲಿಗೆ ಬೀಗ ಹಾಕುವ ಪದ್ಧತಿಯೇ ಇರಲಿಲ್ಲ. ಇದ್ದ ಒಂದು ಬೀಗದ ಕೀಲಿ ನಾನು ಹುಟ್ಟುವ ಮೊದಲೇ ಕಳೆದುಹೋಗಿತ್ತು. ಬೀಗ ಮಾತ್ರ ಅಡುಗೆಮನೆಯಲ್ಲಿ ಬೆಲ್ಲ ಒಡೆಯುವ ಕೆಲಸಕ್ಕೆ ಸೇರಿಕೊಂಡಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಯಾರಾದರೊಬ್ಬರು ಜಗಲಿಯ ಮೇಲೆ ಇರುತ್ತಿದ್ದರು, ಯಾರೂ ಇಲ್ಲದಿದ್ದರೆ ನಾಯಿಗಳಾದರೂ ಇರುತ್ತಿದ್ದವು. ಇಂಥ ಮನೆಯ ಬಗ್ಗೆ ಹಾಸನದ ಕೊರಿಯರ್ ಆಫೀಸಿನವರು ಫೋನಿನಲ್ಲಿ, "ನಿಮ್ಮನೆ ಬಾಗಿಲು ಹಾಕಿತ್ತು ಸಾರ್, ಅದ್ಕೇ ಪಾರ್ಸಲ್ ವಾಪಸ್ ತಂದ್ರು" ಎಂದಾಗ ದೊಡ್ಡಪ್ಪ ರಿಸೀವರನ್ನು ಕಿವಿಯಿಂದ ತೆಗೆದು, ಅದು ಮನುಷ್ಯರ ಮಾತು ಹೌದೋ ಅಲ್ಲವೋ ಎಂಬಂತೆ ನೋಡಿದರು.

ಅವರ ಬೈಕಿನವನು ನಮ್ಮ ಹೆಗ್ಗದ್ದೆ ಕಡೆಯ ರಸ್ತೆಗೆ ಚಕ್ರವನ್ನೇ ತಿರುಗಿಸಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ದೋಣಿಗಲ್ಲಿನ ಹೋಟೆಲಿನಲ್ಲಿ ಬೈಕು ನಿಲ್ಲಿಸಿ, ಬಿಸಿಬಿಸಿ ಬೋಂಡಾ ತಿಂದು, ಅಲ್ಲಿಂದಲೇ ಘಾಟಿಯ ಅಷ್ಟೂ ಮನೆಗಳ ಬಾಗಿಲು ಹಾಕಿಸಿ ಹಾಸನಕ್ಕೆ ಹಿಂತಿರುಗುವುದು ಅವನ ದಿನಚರಿಯಾಗಿತ್ತು. ಕೂತಲ್ಲೇ ಅಷ್ಟು ಮನೆಗಳನ್ನು ಕಂಡು ಬರುವ ಶಕ್ತಿ ಹಿಂದಿನ ಕಾಲದ ಋಷಿಗಳಿಗೂ ಇದ್ದಿರಲಾರದು.

ಅಲ್ಲಿಯವರೆಗೆ ನಮಗೆ ಕೊರಿಯರ್ ಕಾಟ ಇರಲಿಲ್ಲ. ಯಾಕೆಂದರೆ ನಮಗೆ ಸ್ವಂತ ವಿಳಾಸವೇ ಇರಲಿಲ್ಲ. ಘಾಟಿ ಕಡೆಯ ಎಸ್ಟೇಟಿನವರೆಲ್ಲ ಸಕಲೇಶಪುರದ ಬಿ.ಎಂ. ರೋಡಿನ ಯಾವುದಾದರೊಂದು ಅಂಗಡಿಯ ಕೇರಾಫಿನಲ್ಲಿ ಬದುಕಿದವರು. ಕೆಲವರು ದಿನಸಿ ಅಂಗಡಿಯ ಕೇರಾಫು, ಕೆಲವರು ಔಷಧಿ ಅಂಗಡಿಯ ಕೇರಾಫು. ನಮ್ಮದು ಚಪ್ಪಲಿ ಅಂಗಡಿ. ಕಾಗದ, ಲಗ್ನಪತ್ರಿಕೆ, ಗೊಬ್ಬರದ ಕಂಪನಿಯ ಕ್ಯಾಲೆಂಡರು, ಏನೇ ಬಂದರೂ ಅಂಗಡಿಯ ಕಾಕಾ ಅದನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು, ಕಂಡಕ್ಟರು ನಮ್ಮ ಗೇಟಿನ ಬಳಿ ಒಂದು ಸೀಟಿ ಊದಿ ಕೆಳಗೆ ಹಾಕುತ್ತಿದ್ದ. ಇದಕ್ಕೆ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ. ಗಂಬೂಟು, ಕೊಡೆ, ಚಪ್ಪಲಿ ಕಾಕಾನ ಹತ್ತಿರವೇ ತೆಗೆದುಕೊಳ್ಳುತ್ತಿದ್ದೆವಲ್ಲ, ಅದರಲ್ಲೇ ಎಲ್ಲ ಸೇರಿಹೋಗುತ್ತಿತ್ತು.

ಆಮೇಲೆ ಎಲ್ಲರ ಮನೆಯ ಮೇಲೂ ಡಿಶ್ ಬಂತು. ಟಿ.ವಿ.ಯಲ್ಲಿ ಒಬ್ಬ ದಡೂತಿ ಮನುಷ್ಯ ಮೂರೇ ದಿನದಲ್ಲಿ ತೆಳ್ಳಗಾಗುವುದನ್ನು ನೋಡುತ್ತಾ ನಮ್ಮ ಕಡೆಯವರು ಫೋನು ಎತ್ತಲು ಕಲಿತರು. ಸೊಂಟದ ಬೆಲ್ಟು, ತರಕಾರಿ ಹೆಚ್ಚುವ ಯಂತ್ರ, ಕೊನೆಗೆ ಶೂಗಳೂ ಬೆಂಗಳೂರಿನಿಂದ, ಬೊಂಬಾಯಿಯಿಂದ ಪಾರ್ಸಲ್ಲಿನಲ್ಲಿ ಬರತೊಡಗಿದವು. ಎಲ್ಲಿಗೆ? ಕೇರಾಫ್ ಕಾಕಾನ ಅಂಗಡಿಗೆ. ಕಾಕಾ ಪಾರ್ಸಲ್ಲುಗಳಿಗೆ ಜಾಗ ಮಾಡಲು ಮೊದಲು ಗಂಬೂಟುಗಳನ್ನು ಅಟ್ಟಕ್ಕೆ ಹಾಕಿದರು, ಆಮೇಲೆ ಕೊಡೆಗಳನ್ನು. ತನ್ನ ವ್ಯಾಪಾರ ತಿಂದವರ ಮಾಲನ್ನು ತನ್ನದೇ ಅಂಗಡಿಯಲ್ಲಿ ಕಾಯ್ದ ವ್ಯಾಪಾರಿ ಬೇರೆಲ್ಲಾದರೂ ಇದ್ದಾನೋ ನನಗೆ ಗೊತ್ತಿಲ್ಲ. ಜನ ಜೀಪಿನಿಂದ ಇಳಿದು, ಪಾರ್ಸಲ್ ಬಗಲಿಗೇರಿಸಿ, ವ್ಯಾಪಾರ ಹೇಗಿದೆ ಕಾಕಾ ಎಂದು ವಿಚಾರಿಸಿ, ಒಂದು ಶೂ ಲೇಸನ್ನೂ ಕೊಳ್ಳದೆ ಹೊರಡುತ್ತಿದ್ದರು.

ನಮ್ಮ ಮನೆಯಲ್ಲಿ ಕೊನೆಯವರೆಗೂ ಕಾಕಾನ ಗಿರಾಕಿಯಾಗಿ ಉಳಿದವಳು ಅಜ್ಜಿ ಒಬ್ಬಳೇ. ಅವಳ ಎಡಗಾಲು ಯಾವುದೋ ಕಾಲದಲ್ಲಿ ಮುರಿದು, ನಾಟಿ ಔಷಧಿಯಲ್ಲಿ ಕೂಡಿಕೊಂಡು, ಊದಿದ್ದು ಇಳಿಯಲೇ ಇಲ್ಲ. ಬಲಗಾಲಿಗೆ ಏಳರ ಅಳತೆ, ಎಡಗಾಲಿಗೆ ಒಂಬತ್ತು. ಕಾಕಾ ಪ್ರತಿ ವರ್ಷ ಎರಡು ಜೊತೆ ಕಪ್ಪು ಚರ್ಮದ ಚಪ್ಪಲಿ ಒಡೆದು, ಏಳರ ಬಲ ಮತ್ತು ಒಂಬತ್ತರ ಎಡ ಸೇರಿಸಿ ಅವಳಿಗೆ ಒಂದು ಜೊತೆ ಮಾಡಿಕೊಡುತ್ತಿದ್ದರು. ಒಂದೇ ಜೊತೆಯ ದುಡ್ಡು ತೆಗೆದುಕೊಳ್ಳುತ್ತಿದ್ದರು. ಉಳಿದ ಎರಡು ಏನಾಗುತ್ತವೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಆ ಚಪ್ಪಲಿ ಇಲ್ಲದೆ ಅಜ್ಜಿಗೆ ನಡೆಯುತ್ತಿರಲಿಲ್ಲ. ಕೊಯ್ಲು ಶುರುವಾದರೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಅವಳ ರಾಜ್ಯ. ಹಣ್ಣು ಎಷ್ಟು ತೆಳ್ಳಗೆ ಹರವಬೇಕು, ಯಾವಾಗ ಕೈಯಾಡಿಸಬೇಕು, ಯಾರು ಎಷ್ಟು ಹೊತ್ತು ಎಲೆ ಅಡಿಕೆ ಹಾಕುತ್ತಾ ಕೂರಬಹುದು, ಎಲ್ಲ ಅವಳ ಬಾಯಿಯಲ್ಲಿ. ಆದರೆ ಹನ್ನೊಂದು ಗಂಟೆಯ ಮೇಲೆ ಆ ಸಿಮೆಂಟಿನ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ.

ದೊಡ್ಡಪ್ಪನಿಗೆ ಆ ಚಪ್ಪಲಿ ಕಂಡರೆ ಅವಮಾನ. ಪ್ಲಾಂಟರ್ಸ್ ಕ್ಲಬ್ಬಿಗೆ ಹೋಗಿಬರುವ ಮನುಷ್ಯನ ತಾಯಿ ಕಾಲಿಗೊಂದು ಅಳತೆಯದು ಹಾಕಿಕೊಂಡು ಊರು ತಿರುಗುವುದೇ? ಆ ವರ್ಷ ಅವರು ಟಿ.ವಿ. ನೋಡಿ, ಎಂಥ ಊದಿದ ಕಾಲಿಗೂ ಹೊಂದುವ, ಡಾಕ್ಟರುಗಳೇ ತಯಾರಿಸಿದ್ದೆಂಬ ಚಪ್ಪಲಿಗೆ ಫೋನು ಮಾಡಿದರು. ಕಾಕಾನ ಹತ್ತಿರ ಹೋಗಕೂಡದೆಂದು ಅಜ್ಜಿಗೆ ತಾಕೀತು ಮಾಡಿದರು. ಚಪ್ಪಲಿಯನ್ನು ಚಪ್ಪಲಿ ಅಂಗಡಿಯ ಕೇರಾಫಿಗೆ ತರಿಸುವಷ್ಟು ನಾಚಿಕೆಗೇಡಿಯಾಗಲು ಅವರಿಗೂ ಆಗಲಿಲ್ಲವೆಂದು ಕಾಣುತ್ತದೆ, ಮೊದಲ ಸಲ ಮನೆಯ ವಿಳಾಸವನ್ನೇ ಕೊಟ್ಟರು. ಹಾಗಾಗಿ ನಮ್ಮ ಬೀಗವಿಲ್ಲದ ಬಾಗಿಲು ಹಾಸನದಲ್ಲಿ ಮತ್ತೆ ಮತ್ತೆ ಹಾಕಿಕೊಳ್ಳತೊಡಗಿತು.

ಅಷ್ಟರಲ್ಲಿ ಅಜ್ಜಿಯ ಹಳೆಯ ಎಡಗಾಲಿನ ಚಪ್ಪಲಿ ಅಟ್ಟೆ ಸೀಳಿ ಎರಡಾಯಿತು. ಬಲಗಾಲಿನದು ಗಟ್ಟಿಯಾಗಿಯೇ ಇತ್ತು. ಕೊಯ್ಲು ಶುರುವಾಯಿತು. ಯಾರದಾದರೂ ಹಳೆಯದು ಹಾಕಿಕೋ ಎಂದರೆ ಅಜ್ಜಿ ಒಪ್ಪಲಿಲ್ಲ. ಮಗ ಟಿ.ವಿ.ಯಿಂದ ತರಿಸುತ್ತಿದ್ದಾನಲ್ಲ, ಬರಲಿ ಎಂದು ಜಗಲಿಯ ಮೇಲೆ ಒಂದೇ ಚಪ್ಪಲಿ ಹಾಕಿಕೊಂಡು ಕೂತಳು. ಬಂದವರಿಗೆಲ್ಲ ಕಾಣುವಂತೆ ಬರಿಗಾಲನ್ನೇ ಮುಂದೆ ಚಾಚಿ ಕೂತಳು. ಅಲ್ಲಿಂದ ಕಣಕ್ಕೆ ಕೂಗಿದರೆ ಅರ್ಧ ಕೇಳುತ್ತಿತ್ತು, ಕೇಳಿದ್ದನ್ನೂ ಹೆಣ್ಣಾಳುಗಳು ಕೇಳಿಸಿಕೊಳ್ಳುತ್ತಿರಲಿಲ್ಲ. ಹಣ್ಣು ದಪ್ಪಗೆ ಬಿದ್ದು ಬೂಷ್ಟು ಹಿಡಿಯುವ ವಾಸನೆ ಬರತೊಡಗಿದಾಗ ಅಜ್ಜಿ ಊಟದ ತಟ್ಟೆ ತಳ್ಳಿದಳು. ಅವಳ ಹಟ ಕಂಡು ನಗುತ್ತಿದ್ದ ನಾನೂ ಅವತ್ತು ನಗುವುದನ್ನು ಬಿಟ್ಟೆ.

ಕೊನೆಗೆ ದೊಡ್ಡಪ್ಪ ಮಾನ ಬಿಟ್ಟು, ಹಾಸನಕ್ಕೆ ಫೋನು ಮಾಡಿ, ಹಾಳಾಗಿ ಹೋಗಲಿ, ಸಕಲೇಶಪುರದ ಚಪ್ಪಲಿ ಅಂಗಡಿಗೇ ಕೊಡಿ ಎಂದರು. ಎರಡು ದಿನ ಬಿಟ್ಟು ವಿಚಾರಿಸಿದರೆ ಅದೇ ಉತ್ತರ: ಹೋಗಿದ್ದರಂತೆ, ಬಾಗಿಲು ಹಾಕಿತ್ತಂತೆ.

ದೊಡ್ಡಪ್ಪ ಕುಣಿದಾಡಿಬಿಟ್ಟರು. ಬಿ.ಎಂ. ರೋಡಿನ ಮೇಲಿನ ಅಂಗಡಿ, ಶುಕ್ರವಾರದ ನಮಾಜಿನ ಹೊತ್ತು ಬಿಟ್ಟರೆ ಎಂದೂ ಮುಚ್ಚದ ಅಂಗಡಿ! ಕಳ್ಳರನ್ನು ಸಾಕ್ಷಿ ಸಮೇತ ಹಿಡಿಯುತ್ತೇನೆಂದು ಜೀಪು ತೆಗೆದರು. ಅಜ್ಜಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಮುಂದಿನ ಸೀಟು ಹತ್ತಿದಳು, ನಾನು ಹಿಂದೆ.

ಅಂಗಡಿಯ ಷಟರ್ ಎಳೆದಿತ್ತು. ಬೋರ್ಡು ಇಳಿಸಿದ್ದರು, ಅದಿದ್ದ ಜಾಗದ ಗೋಡೆ ಮಾತ್ರ ಹೊಸ ಬಣ್ಣದಂತೆ ಬೆಳ್ಳಗಿತ್ತು. ಪಕ್ಕದ ಟೈಲರು ಹೊರಗೆ ಬಂದು, ಮುಚ್ಚಿ ವಾರವಾಯಿತು, ವ್ಯಾಪಾರ ಎಲ್ಲಿತ್ತು ಎಂದ. ಕೊರಿಯರ್‌ನವರು ತಮ್ಮ ಜೀವಮಾನದಲ್ಲಿ ಹೇಳಿದ ಒಂದೇ ಒಂದು ನಿಜ ಅದಾಗಿತ್ತು.

ಕಾಕಾನ ಮನೆ ಹಿಂದಿನ ಓಣಿಯಲ್ಲೇ ಇತ್ತು. ಮಾರದೆ ಉಳಿದ ಗಂಬೂಟು, ಕೊಡೆಗಳನ್ನು ವರಾಂಡದ ತುಂಬ ಪೇರಿಸಿದ್ದರು. ಕಾಕಾ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮನೆಯವರೆಲ್ಲರ ಆರೋಗ್ಯ ವಿಚಾರಿಸಿದರು. ದೊಡ್ಡಪ್ಪ ಕೂರಲಿಲ್ಲ.

"ಅಲ್ಲಾ ಕಾಕಾ, ನಮಗೊಂದು ಮಾತು ಹೇಳ್ದೆ ಮುಚ್ಚಿಬುಟ್ರಲ್ಲ," ಎಂದರು ನೊಂದವರಂತೆ. "ನಮ್ ಪಾರ್ಸಲ್‌ಗಳ ಗತಿ ಏನು?"

ಕಾಕಾ ಅಜ್ಜಿಯ ಕಾಲನ್ನು ನೋಡಿ ಒಳಗೆ ಹೋಗಿ ಒಂದು ಗೋಣಿಚೀಲ ಎಳೆದುಕೊಂಡು ಬಂದು ನೆಲಕ್ಕೆ ಸುರಿದರು. ಎಲ್ಲ ಕಪ್ಪು ಚರ್ಮದ ಚಪ್ಪಲಿಗಳು. ಅಜ್ಜಿಯ ಮುಖ ಅರಳಿತು, ನಾನೂ ಕೂತು ಹುಡುಕತೊಡಗಿದೆ. ಎಷ್ಟು ತಿರುವಿದರೂ ಸಿಕ್ಕಿದ್ದು ಏಳರ ಎಡ, ಒಂಬತ್ತರ ಬಲ, ಮತ್ತೆ ಏಳರ ಎಡ, ಒಂಬತ್ತರ ಬಲ. ಇಷ್ಟು ವರ್ಷ ಅಜ್ಜಿಗಾಗಿ ಒಡೆದ ಜೊತೆಗಳಲ್ಲಿ ಉಳಿದುಹೋದ ಅರ್ಧಗಳು. ಅವಳ ಕಾಲಿಗೆ ಆಗುವಂಥದ್ದು ಅಲ್ಲಿ ಒಂದೂ ಇರಲಿಲ್ಲ. ಜೊತೆ ಚಪ್ಪಲಿಯೆಲ್ಲ ಹೋದ ವಾರವೇ ಹಾಸನದ ವ್ಯಾಪಾರಿಯೊಬ್ಬರಿಗೆ ಹೋಯಿತು ಎಂದು ಕಾಕಾ ಸಂಕೋಚದಿಂದ ಹೇಳಿದರು.

"ಇವ್ನೆಲ್ಲ ಯಾಕಪ್ಪಾ ಇಟ್ಕೊಂಡಿದ್ದೆ?" ಎಂದಳು ಅಜ್ಜಿ.

"ಬಲಗಾಲು ಊದಿರೋರು ಒಬ್ರಾದ್ರೂ ಬರ್ಬೋದು ಅಂತ ಕಾದೆ ಅಮ್ಮಾ. ಬರ್ಲಿಲ್ಲ."

ಅಜ್ಜಿ ಬಗ್ಗಿ ಚಪ್ಪಲಿಗಳನ್ನು ನೋಡುತ್ತಿದ್ದವಳು ಹಾಗೇ ಕಣ್ಣನ್ನು ಪಕ್ಕಕ್ಕೆ ಹೊರಳಿಸಿ ದೊಡ್ಡಪ್ಪನ ಪಾದಗಳನ್ನು ನೋಡಿದಳು. ಪೇಟೆಗೆಂದು ಹಾಕಿಕೊಂಡು ಬಂದಿದ್ದ, ಚೆನ್ನಾಗಿ ಪಾಲಿಶ್ ಮಾಡಿದ ಕಂದು ಬಣ್ಣದ ಚಪ್ಪಲಿ.

"ಎಡಗಾಲಿಂದು ಕಳಚೋ," ಎಂದಳು.

ದೊಡ್ಡಪ್ಪ ಮನೆಗೆ ಹೋಗಿ ನೋಡೋಣ ಅವ್ವ, ಬಣ್ಣ ಬೇರೆ, ಜನ ನೋಡುತ್ತಾರೆ ಎಂದೆಲ್ಲ ಗೊಣಗಿದರು. ಅಜ್ಜಿ ಕಣದಲ್ಲಿ ಆಳುಗಳ ಮುಂದೆ ಬಳಸುವ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಅವರು ಕಳಚಿದರು. ಅಜ್ಜಿ ಎಡಗಾಲಿಗೆ ಕಂದು, ಬಲಗಾಲಿಗೆ ಕಪ್ಪು ಹಾಕಿಕೊಂಡು ವರಾಂಡದಲ್ಲಿ ಎರಡು ಸಲ ಓಡಾಡಿ, ಸರಿಯಾಗುತ್ತದೆ, ಹೊತ್ತಿಳಿಯುವ ಮುಂಚೆ ಕಣಕ್ಕೆ ಹೋಗಬೇಕು, ನಡೆಯಿರಿ ಎಂದಳು.

ದೊಡ್ಡಪ್ಪ ಉಳಿದ ಬಲಗಾಲಿನ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು, ಅದನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಒಂಬತ್ತರ ಬಲ. ಸುರಿದಿದ್ದನ್ನು ಮತ್ತೆ ತುಂಬುತ್ತಿದ್ದ ಕಾಕಾ ಗೋಣಿಚೀಲದ ಬಾಯಿ ಅಗಲ ಮಾಡಿ, ಅಭ್ಯಾಸಬಲದಿಂದ ಕೈ ಚಾಚಿದರು.

"ಇಲ್ಲಿ ಕೊಡಿ ಗೌಡ್ರೇ," ಎಂದರು.