ನನ್ನ ತಲೆಯ ಮೇಲೆ ಆಡಿದವನು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದಿನದ್ದೆಲ್ಲ ಅದರಿಂದಲೇ ಆದದ್ದು.

ಕೊರೊನಾ ಬಂದ ವರ್ಷ ನಾವು ಮಲೇಷ್ಯಾದ ಬಯಾನ್ ಲೆಪಾಸ್‌ನಲ್ಲಿ ಒಂದು ಕಾಂಡೋದ, ಅಂದರೆ ಅಪಾರ್ಟ್‌ಮೆಂಟ್ ಕಟ್ಟಡದ, ಹನ್ನೊಂದನೇ ಮಹಡಿಯಲ್ಲಿದ್ದೆವು. ಕಾರ್ಖಾನೆಯ ಪ್ಲಾನಿಂಗ್ ವಿಭಾಗದ ನನಗೆ ಊಟದ ಮೇಜೇ ಆಫೀಸಾಗಿತ್ತು. ನಮ್ಮ ನೆತ್ತಿಯ ಮೇಲಿನ ಮನೆಗೆ ಪರಗ್ವೆಯಿಂದ ಒಬ್ಬ ಫುಟ್‌ಬಾಲ್ ಆಟಗಾರ ಬಂದಿದ್ದ. ಎರಡನೇ ದರ್ಜೆಯ ಲೀಗಿನ ಒಂದು ಕ್ಲಬ್ ಅವನನ್ನು ಒಂದೇ ಸೀಸನ್ನಿಗೆ ಕರೆಸಿಕೊಂಡಿತ್ತು. ಚೆನ್ನಾಗಿ ಆಡಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಗಂಟುಮೂಟೆ. ವಯಸ್ಸು ಮೂವತ್ತೆರಡು, ಇದು ತಪ್ಪಿದರೆ ಬೇರೆ ಕ್ಲಬ್ ಸಿಗುವ ಹಾಗಿರಲಿಲ್ಲ. ಲಿಫ್ಟಿನಲ್ಲಿ ಅವನು ಮುರುಕು ಇಂಗ್ಲಿಷಿನಲ್ಲಿ ನನ್ನ ಮಗಳಿಗೆ ಇದನ್ನೆಲ್ಲ ಹೇಳಿದ್ದ, ಅವಳು ನನಗೆ ಒಪ್ಪಿಸಿದ್ದಳು. ಅವನು ಎರಡು ಪಂದ್ಯ ಆಡುವಷ್ಟರಲ್ಲಿ ಲೀಗು ನಿಂತಿತು, ಜಿಮ್ಮಿಗೆ ಬೀಗ ಬಿತ್ತು, ನಾವೆಲ್ಲ ಮನೆಯೊಳಗಾದೆವು.

ಆಮೇಲೆ ಶುರುವಾಯಿತು ಶಬ್ದ. ಮಧ್ಯಾಹ್ನ ನಾಲ್ಕಕ್ಕೆ, ಸರಿಯಾಗಿ ನನ್ನ ಮೀಟಿಂಗಿನ ಹೊತ್ತಿಗೆ, ಮೇಲಿನಿಂದ ದಬ್, ದಬ್, ದಬ್. ಮೇಲಿರುವವನು ಫುಟ್‌ಬಾಲಿನವನು, ಇನ್ನೇನು ವಿಚಾರಣೆ? ನಾಲ್ಕು ದಿನ ಹಲ್ಲು ಕಚ್ಚಿಕೊಂಡೆ. ಐದನೇ ದಿನ ಕಾಂಡೋದ ವಾಟ್ಸಾಪ್ ಗುಂಪಿನಲ್ಲಿ ಅವನ ಮನೆ ನಂಬರಿನ ಸಮೇತ ಬರೆದು ಹಾಕಿದೆ: ಇದು ಸಂಸಾರಸ್ಥರ ಕಟ್ಟಡ, ಸ್ಟೇಡಿಯಂ ಅಲ್ಲ. ಮ್ಯಾನೇಜ್‌ಮೆಂಟಿನವರು ಹೋಗಿ ಎಚ್ಚರಿಕೆ ಕೊಟ್ಟು ಬಂದರು. ಅವನು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡನಂತೆ.

"ಅಮ್ಮಾ, ಸೋ ಮೀನ್ ಲಾ," ಎಂದಳು ಮಗಳು, ಇಷ್ಟೊಂದು ಕೆಟ್ಟತನವೇ ಎನ್ನುವಂತೆ.

ಶಬ್ದ ಮಾತ್ರ ನಿಲ್ಲಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮತ್ತೆ ಅದೇ. ಹೀಗೇ ಮೂರು ವಾರವಾದ ಮೇಲೆ ಮಾಸ್ಕ್ ಏರಿಸಿಕೊಂಡು ನಾನೇ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವನು ಬರೀ ಕಾಲುಚೀಲದಲ್ಲಿದ್ದ. ಅವನ ಹಿಂದೆ ಗೋಡೆಗೆ ಹಾಸಿಗೆ ಒರಗಿಸಿತ್ತು, ಚೆಂಡು ತಾಗಿದರೂ ಸದ್ದಾಗದಿರಲಿ ಎಂದು. ಚೆಂಡು ಫ್ರಿಜ್ಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಗಂಟು ಹಾಕಿಸಿಕೊಂಡು ಕುಳಿತಿತ್ತು. ನಾನು ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ದಬ್, ದಬ್, ದಬ್.

ಇಬ್ಬರೂ ತಲೆಯೆತ್ತಿ ಸೂರು ನೋಡಿದೆವು. ಶಬ್ದ ಹದಿಮೂರನೇ ಮಹಡಿಯದು. ಅದರ ಬೆನ್ನಿಗೇ ಹುರಿದ ಕರಿಬೇವು, ಬ್ಯಾಡಗಿ ಮೆಣಸಿನಕಾಯಿಯ ಘಮ ಬಂತು. ಆ ಘಮ ನನಗೆ ಗೊತ್ತಿತ್ತು. ಹದಿಮೂರರಲ್ಲಿ ಮೈಸೂರಿನ ಆಂಟಿಯೊಬ್ಬರಿದ್ದರು. ವಿಮಾನ ನಿಂತು ಊರಿನ ಚಟ್ನಿಪುಡಿ ಬರುವುದು ತಪ್ಪಿದ ಮೇಲೆ ತಾವೇ ಮಾಡತೊಡಗಿ, ಪ್ರತಿ ವಾರ ನನಗೂ ಒಂದು ಬಾಟಲಿ ಕಳಿಸುತ್ತಿದ್ದರು. ಅದನ್ನು ದೋಸೆಗೆ ಹಚ್ಚಿಕೊಂಡು ತಿನ್ನುತ್ತಲೇ ನಾನು ಈ ಮನುಷ್ಯನ ಮೇಲೆ ದೂರು ಬರೆದಿದ್ದೆ.

"ನಾನಲ್ಲ ಅಂತ ಹೇಳಬಾರದಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ತಪ್ಪು ನನ್ನದಾದರೂ ದನಿ ಜೋರಾಗಿಯೇ ಇತ್ತು.

"ನಾನಲ್ಲ ಅಂದ್ರೆ ಮತ್ಯಾರು ಅಂತ ಹುಡುಕ್ತಾರೆ, ಕಾಕ್," ಎಂದ. ಅಕ್ಕ ಎನ್ನುವುದಕ್ಕೆ ಮಲಯ ಭಾಷೆಯಲ್ಲಿ ಹಾಗೆನ್ನುತ್ತಾರೆ. "ಮೇಲೆ ಯಾರೋ ಅಡುಗೆ ಮಾಡ್ತಿದ್ದಾರೆ. ವಾಸನೆ ಚೆನ್ನಾಗಿದೆ. ಯಾಕೆ ನಿಲ್ಲಿಸಬೇಕು?"

ಮನೆಗೆ ಬಂದು ಆಂಟಿಗೆ ಫೋನ್ ಮಾಡಿದೆ.

"ಅಯ್ಯೋ, ನಾನೇ ಕಣ್ರೀ! ಕಬ್ಬಿಣದ ಕುಟ್ಟಾಣಿ. ಮಿಕ್ಸೀಲಿ ಮಾಡಿದ್ರೆ ಆ ರುಚಿ ಎಲ್ಲಿ ಬರತ್ತೆ? ಕುಟ್ಟಿದ್ದೇ ಚೆನ್ನ ಅಂತ ನೀವೇ ಹೇಳಿದ್ರಲ್ಲ!"

ಗುಂಪಿನಲ್ಲಿ ದೂರು ವಾಪಸ್ ಪಡೆದು ಕ್ಷಮೆ ಬರೆದೆ. ಆದರೆ ಎಚ್ಚರಿಕೆ ಬಂದ ಮೇಲೆ ಚೆಂಡನ್ನು ಚೀಲದಲ್ಲಿ ಕಟ್ಟಿಟ್ಟು ಅವನು ಕಳೆದ ಮೂರು ವಾರ ವಾಪಸ್ ಬರುವಂತಿರಲಿಲ್ಲ. ಒಂದು ಬಾಟಲಿ ಚಟ್ನಿಪುಡಿ ಹಿಡಿದು ಮತ್ತೆ ಮೇಲೆ ಹೋದೆ. "ನಿನ್ನ ಕೆಳಗಿನ ಮನೆ ನನ್ನದು. ನಾಳೆಯಿಂದ ಐದಕ್ಕೆ ನನ್ನ ತಲೆ ಮೇಲೆ ಆಡು," ಎಂದೆ.

ಆಡಿದ. ನಾನು ಐದಾದರೂ ಮುಗಿಯದ ಮೀಟಿಂಗಿನಲ್ಲಿ ಮೈಕ್ ಆರಿಸಿಕೊಂಡು ಕೂರುತ್ತಿದ್ದೆ. ಫುಟ್‌ಬಾಲಿನ ಗಂಧವಿಲ್ಲದ ನನಗೆ ಬರಬರುತ್ತಾ ಕಿವಿಯಿಂದಲೇ ಆಟ ತಿಳಿಯಿತು. ಬಲಗಾಲಿನ ಪೆಟ್ಟು ಗಟ್ಟಿ, ಎಡಗಾಲಿನದು ಸಪ್ಪೆ. ಅವನು ದಿನಾ ಎಡಗಾಲಿನಲ್ಲೇ ಹೆಚ್ಚು ಹೊಡೆಯುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಆರು ಗಂಟೆ ದಾಟಿಸಲಿಲ್ಲ. ಎರಡು ತಿಂಗಳಿಗೆ ಎರಡು ಕಾಲಿನ ಸದ್ದೂ ಒಂದೇ ಆಯಿತು. ಅಂಥ ಶ್ರದ್ಧೆಯನ್ನು ನಾನು ನನ್ನ ಕೆಲಸದಲ್ಲಿ ಯಾವತ್ತೂ ತೋರಿಸಿಲ್ಲ.

ಲೀಗು ಮತ್ತೆ ಶುರುವಾದಾಗ ಉಳಿದದ್ದು ಕೆಲವೇ ಪಂದ್ಯ, ಪ್ರೇಕ್ಷಕರಿಲ್ಲ. ನಾವು ಮೊಬೈಲಿನಲ್ಲಿ ನೋಡಿದೆವು. ಮೊದಲ ಪಂದ್ಯದಲ್ಲಿ ಚೆಂಡು ಅವನ ಕಾಲಿನಿಂದ ಜಾರಿ ಜಾರಿ ಹೋಯಿತು. ಅರ್ಧಕ್ಕೇ ಹೊರಗೆ ಕರೆದರು. ಆಮೇಲಿನ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತ. ಕೊನೆಯ ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿರುವಾಗ ಇಳಿಸಿದರು, ಎಡಗಾಲಿನಲ್ಲಿ ಗೋಲು ಹೊಡೆದ. ಮಗಳು ಕಿರುಚಿದಳು. ಹದಿಮೂರನೇ ಮಹಡಿಯಲ್ಲಿ ಆಂಟಿ ಖಾಲಿ ಕುಟ್ಟಾಣಿ ಬಡಿಯುತ್ತಿದ್ದರು.

ಒಂದು ಗೋಲು ಸಾಲಲಿಲ್ಲ. ಕ್ಲಬ್ ಅವನನ್ನು ಮುಂದುವರಿಸಲಿಲ್ಲ.

ಹೊರಡುವ ದಿನ ತೊಳೆದ ಬಾಟಲಿ ಕೊಡಲು ಬಂದ. ಎದೆಯಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ. "ಆ ಮೂರು ವಾರದಿಂದ ಹೀಗಾಯಿತಾ?"

ಅವನು ಬಾಟಲಿಯನ್ನು ನನ್ನ ಕೈಗಿಟ್ಟ. "ಸುಳ್ಳು ಹೇಳಲ್ಲ, ಕಾಕ್. ಇರಬಹುದು. ಮೊದಲ ಪಂದ್ಯಕ್ಕೆ ನನ್ನ ಕಾಲು ಇನ್ನೂ ತಯಾರಿರಲಿಲ್ಲ. ಆದ್ರೆ ಎಡಗಾಲಿನ ಆ ಗೋಲು ನಿಮ್ಮ ತಲೆ ಮೇಲೇ ಕಲಿತದ್ದು."

ನನ್ನನ್ನು ಸಮಾಧಾನ ಮಾಡಲು ಅವನು ಸುಳ್ಳು ಹೇಳಬಹುದಿತ್ತು. ಹೇಳದೆ ಹೋದ. ಅವನ ಮೇಲಿನ ನನ್ನ ಗೌರವ ಅಲ್ಲಿಗೆ ಪೂರ್ತಿಯಾಯಿತು, ನನ್ನ ತಪ್ಪಿನ ಲೆಕ್ಕವೂ. ಕೋಪ ನನಗೆ ಈಗಲೂ ಬರುತ್ತದೆ. ಮೇಲೆ ಸದ್ದಾದರೆ ಮೊದಲು ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತೇನೆ.